ಬೋರ್ಡ್ ಗೇಮ್ ಮಾಡಬೇಕು ಅನ್ನುವ ಆಸೆ ಇದೆಯಾ? ದಾವಣಗೆರೆಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಮಧ್ಯಾಹ್ನ ಒಂದಷ್ಟು ಜನ ಸೇರುತ್ತೇವೆ. ಅವರವರು ಕಟ್ಟಿದ ಆಟ ತಂದು ಉಳಿದವರಿಗೆ ಆಡಿಸುತ್ತಾರೆ. ಇಂಜಿನಿಯರಿಂಗ್ ಓದುವ ಹುಡುಗರಿದ್ದಾರೆ, ಇಬ್ಬರು ಮೇಷ್ಟ್ರಿದ್ದಾರೆ, ಮಂಡಿಪೇಟೆಯ ಒಬ್ಬ ವ್ಯಾಪಾರಿ ಇದ್ದಾರೆ, ಚಿತ್ರದುರ್ಗದಿಂದ ಬಸ್ಸು ಹಿಡಿದು ಬರುವ ಒಬ್ಬ ಟೀಚರ್ ಇದ್ದಾರೆ. ಹೊಸಬರು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಶುರು ಮಾಡಬೇಕು. ಮೊದಲು ಏನೇನು ಕೊಳ್ಳಲಿ?

ಮೊದಲ ದಿನ ಏನೂ ಕೊಳ್ಳಬೇಡಿ. ಮನೆಯಲ್ಲಿ ಇರುವುದೇ ಸಾಕು. ಹಳೆಯ ಇಸ್ಪೀಟ್ ಪ್ಯಾಕ್ ಹುಡುಕಿ. ಎಲೆಗಳ ಮುಖದ ಮೇಲೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಬೆನ್ನು ಎಲ್ಲಕ್ಕೂ ಒಂದೇ ಥರ ಇರುವುದರಿಂದ ಯಾವ ಎಲೆ ಯಾವುದು ಅಂತ ಗುರುತು ಸಿಗುವುದಿಲ್ಲ. ಬೋರ್ಡಿಗೆ ಹಳೆಯ ಲಗ್ನಪತ್ರಿಕೆ, ಸೀರೆ ಡಬ್ಬಿಯ ರಟ್ಟು. ಕಾಯಿಗೆ ಹುಣಸೆಬೀಜ, ಅಂಗಿ ಗುಂಡಿ, ಬಳೆ ಚೂರು, ಕವಡೆ.

ಪೆನ್ಸಿಲ್ ಯಾಕೆ ಅಂದ್ರೆ, ಮೊದಲು ಬರೆದ ಅಂಕಿಗಳಲ್ಲಿ ಹೆಚ್ಚಿನವು ಬದಲಾಗುತ್ತವೆ. ಪೆನ್ನಿನಲ್ಲಿ ಚೆಂದವಾಗಿ ಬರೆದರೆ ಅಳಿಸಲು ಮನಸ್ಸು ಬರುವುದಿಲ್ಲ. ಬಣ್ಣ ಹಾಕಿದರೆ ಇನ್ನೂ ಕಷ್ಟ. ಮೂರು ತಿಂಗಳು ಕೂತು ಚಿತ್ರ ಬರೆದು, ಆಮೇಲೆ ಆಡಿ ನೋಡಿ, ಆಟ ಓಡುವುದಿಲ್ಲ ಅಂತ ತಿಳಿದು ಕೈಬಿಟ್ಟ ಹುಡುಗರನ್ನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ. ಮೊದಲ ಕರಡು ಒಂದೇ ಸಂಜೆಯಲ್ಲಿ ಮುಗಿಯಲಿ. ಅದೇ ರಾತ್ರಿ ಊಟ ಆದ ಮೇಲೆ ಮನೆಯವರನ್ನು ಕೂರಿಸಿಕೊಂಡು ಆಡಿ.

ಬೋರ್ಡ್ ಗೇಮ್ ಅಂದ್ರೆ ಹಾವು ಏಣಿ, ಲೂಡೋ ಅಲ್ವಾ? ಅದರಲ್ಲಿ ಹೊಸದಾಗಿ ಮಾಡುವುದು ಏನಿದೆ?

ತುಂಬಾ ಇದೆ. ಜರ್ಮನಿಯಲ್ಲಿ 1979ರಿಂದ ಪ್ರತಿ ವರ್ಷ 'ಷ್ಪೀಲ್ ಡೆಸ್ ಯಾರೆಸ್' ಅಂತ ವರ್ಷದ ಒಳ್ಳೆಯ ಆಟಕ್ಕೆ ಪ್ರಶಸ್ತಿ ಕೊಡುತ್ತಾರೆ. 1995ರಲ್ಲಿ ಅದು ಕಟಾನ್ ಅನ್ನುವ ಆಟಕ್ಕೆ ಬಂತು. ಅದನ್ನು ಮಾಡಿದ ಕ್ಲೌಸ್ ಟಾಯ್ಬರ್ ಅವರ ಕಸುಬು ಆಗ ಕೃತಕ ಹಲ್ಲು ತಯಾರಿಸುವುದಾಗಿತ್ತು. ಆಟ ಕಟ್ಟುತ್ತಿದ್ದದ್ದು ಬಿಡುವಿನಲ್ಲಿ. 2008ರ ಪ್ಯಾಂಡೆಮಿಕ್‌ನಲ್ಲಿ ಆಟಗಾರರು ಒಬ್ಬರನ್ನೊಬ್ಬರು ಸೋಲಿಸುವುದಿಲ್ಲ. ಎಲ್ಲರೂ ಸೇರಿ ರೋಗ ಹರಡದ ಹಾಗೆ ತಡೆಯುತ್ತಾರೆ. ಜಪಾನಿನ ಸೈಜಿ ಕನಾಯ್ ಮಾಡಿದ ಲವ್ ಲೆಟರ್ 2012ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು 16 ಕಾರ್ಡ್ ಅಷ್ಟೇ. ಹೊಸಬರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಒಳ್ಳೆಯ ಆಟಕ್ಕೆ ದೊಡ್ಡ ಪೆಟ್ಟಿಗೆ ಬೇಕಾಗಿಲ್ಲ ಅಂತ ತಕ್ಷಣ ಅರ್ಥವಾಗುತ್ತದೆ.

ಹಾವು ಏಣಿಯಲ್ಲಿ ನೀವು ಯೋಚನೆ ಮಾಡುವ ಜಾಗ ಒಂದೂ ಇಲ್ಲ. ದಾಳ ಹೇಳಿದಷ್ಟು ಮನೆ ನಡೆಯುತ್ತೀರಿ, ಅಷ್ಟೇ. ಲೂಡೋದಲ್ಲಿ ಯಾವ ಕಾಯಿ ನಡೆಸಲಿ ಅನ್ನುವ ಯೋಚನೆ ಇದೆ. ನೀವು ಕಟ್ಟಿದ ಆಟದಲ್ಲಿ ಆಟಗಾರರು ಎಲ್ಲಿ ತಲೆ ಕೆರೆದುಕೊಳ್ಳುತ್ತಾರೆ ಅಂತ ಬೆರಳಿಟ್ಟು ತೋರಿಸಿ ನೋಡಿ. ತೋರಿಸಲು ಆಗದಿದ್ದರೆ ಆಟ ಇನ್ನೂ ಆಗಿಲ್ಲ.

ಇಂಥ ಆಟಗಳು ನಮ್ಮೂರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತರಿಸಬೇಕಾ?

ಬೇಡ. ಬೋರ್ಡ್ ಗೇಮ್ ಅರೀನಾ ಅನ್ನುವ ತಾಣದಲ್ಲಿ ಬ್ರೌಸರ್‌ನಲ್ಲೇ ನೂರಾರು ಆಟಗಳನ್ನು ಆಡಬಹುದು. ಬೋರ್ಡ್‌ಗೇಮ್‌ಗೀಕ್ 2000ದಿಂದ ಇದೆ. ಹೆಚ್ಚುಕಡಿಮೆ ಜಗತ್ತಿನ ಎಲ್ಲ ಆಟಗಳ ವಿವರ, ಫೋಟೋ, ನಿಯಮದ ಬಗ್ಗೆ ಜನರ ಚರ್ಚೆ ಅಲ್ಲಿ ಸಿಗುತ್ತದೆ. ಎಷ್ಟೋ ಕಂಪನಿಗಳು ತಮ್ಮ ನಿಯಮ ಪುಸ್ತಕದ ಪಿಡಿಎಫ್ ಅನ್ನು ಪುಕ್ಕಟೆ ಕೊಡುತ್ತವೆ. ವಾರಕ್ಕೆ ಒಂದು ನಿಯಮ ಪುಸ್ತಕ ಓದಿ. ಆಟ ಕೈಯಲ್ಲಿ ಇಲ್ಲದೆ ನಿಯಮ ಮಾತ್ರ ಓದಿ ಆಟವನ್ನು ಊಹಿಸಿಕೊಳ್ಳುವ ಅಭ್ಯಾಸ ಈ ಕೆಲಸಕ್ಕೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಚೌಕಾಬಾರ, ಅಳಗುಳಿಮನೆಯಂಥ ಹಳೆಯ ಆಟಗಳಿಂದ ಏನಾದರೂ ಕಲಿಯುವುದು ಇದೆಯಾ?

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಪುಕ್ಕಟೆ ಸಿಗುತ್ತದೆ, ಕಲಿಸುವವರು ಮನೆಯಲ್ಲೇ ಇದ್ದಾರೆ.

ಚೌಕಾಬಾರ ತೆಗೆದುಕೊಳ್ಳಿ. ಐದು ಸಾಲು, ಐದು ಕಾಲಂ, ಒಟ್ಟು 25 ಮನೆ. ನಾಲ್ಕು ಜನ, ತಲೆಗೆ ನಾಲ್ಕು ಕಾಯಿ. ನಾಲ್ಕು ಕವಡೆ. ಎಷ್ಟು ಅಂಗಾತ ಬೀಳುತ್ತವೋ ಅಷ್ಟು ನಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ. ಕವಡೆ ಅರ್ಧಕ್ಕರ್ಧ ಬೀಳುತ್ತದೆ ಅಂತ ಇಟ್ಟುಕೊಂಡರೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ 2 ಬೀಳುವುದು 6 ಬಗೆ, 1 ಮತ್ತು 3 ತಲಾ 4 ಬಗೆ, ಚೌಕ 1, ಬಾರ 1. ದೊಡ್ಡ ಗರ ಅಪರೂಪಕ್ಕೆ ಬೀಳುತ್ತದೆ, ಬಿದ್ದಾಗ ಮನೆಯೆಲ್ಲ ಕೂಗಾಡುತ್ತದೆ. ಈ ಖುಷಿ ಆ ಲೆಕ್ಕದಿಂದಲೇ ಬಂದದ್ದು. ನಿಜವಾದ ಕವಡೆ ಸರಿಯಾಗಿ ಅರ್ಧಕ್ಕರ್ಧ ಬೀಳುವುದಿಲ್ಲ. ನಿಮ್ಮ ಮನೆಯ ಕವಡೆಯನ್ನು 100 ಸಲ ಹಾಕಿ ಬರೆದುಕೊಳ್ಳಿ, ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಎಷ್ಟೋ ಮನೆಗಳಲ್ಲಿ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಈ ಒಂದು ಸಾಲಿನ ನಿಯಮ ತೆಗೆದುಬಿಡಿ, ಎಲ್ಲರೂ ತಮ್ಮ ಪಾಡಿಗೆ ತಾವು ಕಾಯಿ ಹಣ್ಣು ಮಾಡಿಕೊಂಡು ಎದ್ದು ಹೋಗುತ್ತಾರೆ. ಆ ನಿಯಮ ಇರುವುದರಿಂದ ಜಗಳ ಆಗಲೇಬೇಕು. ಜಗಳ ತಪ್ಪಿಸಿಕೊಳ್ಳಲು ಕಟ್ಟೆಮನೆ, ಅಂದರೆ ಕಾಯಿಯನ್ನು ಹೊಡೆಯಲಾಗದ ಮನೆ, ಬೇಕೇ ಬೇಕು. ಒಂದು ಮಾತು ಇಡೀ ಆಟವನ್ನು ಹೇಗೆ ಕಟ್ಟುತ್ತದೆ ನೋಡಿ.

ಹುಲಿ ಆಡಿನ ಆಟದಲ್ಲಿ ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಆಡು. ಒಬ್ಬರ ಬಲ ಹಾರುವುದು, ಇನ್ನೊಬ್ಬರ ಬಲ ಸುತ್ತುಗಟ್ಟುವುದು. ಎರಡು ಕಡೆಗೂ ಬೇರೆ ಬೇರೆ ಆಟ, ಆದರೂ ಸಮಬಲ. ಹೊಸ ಕಾಲದ ಆಟಗಳಲ್ಲಿ ಇದೇ ದೊಡ್ಡ ಸವಾಲು. ಅಳಗುಳಿಮನೆಯಲ್ಲಿ ಅದೃಷ್ಟವೇ ಇಲ್ಲ. 14 ಗುಳಿಯಲ್ಲಿ ಬೀಜ ಎಲ್ಲರ ಕಣ್ಣಮುಂದೆ ಇರುತ್ತದೆ. ಗೆಲ್ಲುವುದು ಎಣಿಕೆಯಿಂದ.

ಮೈಸೂರಿಗೆ ಹೋದರೆ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಮತ್ತೆ ಮಾಡಿಸಿರುವ ಹಳೆಯ ಆಟದ ಮಣೆಗಳನ್ನು ನೋಡಿ ಬನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟದ ಮಣೆಗಳಲ್ಲಿ, ಗಂಜೀಫಾ ಅನ್ನುವ ಹಳೆಯ ಕಾಲದ ಆಟದ ಎಲೆಗಳಲ್ಲಿ ತಾವೇ ಹೊಸ ಹೊಸದನ್ನು ಕಟ್ಟಿದವರು. ಹಂಪಿಗೆ ಹೋದಾಗ ಕಲ್ಲುಹಾಸಿನ ಮೇಲೆ ಕೊರೆದ ಮಣೆಗಳನ್ನೂ ಹುಡುಕಿ.

ಮೊದಲ ಅಭ್ಯಾಸ ಅಂತ ನಾನು ಕೊಡುವುದು ಇದು: ಚೌಕಾಬಾರದ ಒಂದೇ ಒಂದು ನಿಯಮ ಬದಲಿಸಿ, ಐದು ಸಲ ಆಡಿ, ಏನು ಬದಲಾಯ್ತು ಅಂತ ಬರೆಯಿರಿ.

ಗಣಿತ ಚೆನ್ನಾಗಿ ಬರಬೇಕಾ?

ಹೈಸ್ಕೂಲಿನ ಲೆಕ್ಕ ಸಾಕು. ಎರಡು ದಾಳ ಹಾಕಿದರೆ 36 ಬಗೆ, ಅದರಲ್ಲಿ 7 ಬರುವುದು 6 ಬಗೆ, 2 ಬರುವುದು ಒಂದೇ ಬಗೆ. ಇಷ್ಟು ತಿಳಿದರೆ ಮುಂದಿನದು ತಾನೇ ಬರುತ್ತದೆ. ದಾಳದ ಲೆಕ್ಕಕ್ಕೆ ಎನಿಡೈಸ್ ಅನ್ನುವ ತಾಣ ಇದೆ, ಪುಕ್ಕಟೆ. ಉಳಿದದ್ದಕ್ಕೆ ಗೂಗಲ್ ಶೀಟ್ಸ್.

ಯಾವ ವಿಷಯದ ಮೇಲೆ ಆಟ ಕಟ್ಟಲಿ? ರಾಜ, ರಾಕ್ಷಸ, ನಿಧಿ ಬಿಟ್ಟು ಬೇರೆ ಹೊಳೆಯುತ್ತಿಲ್ಲ.

ಮನೆಯ ಹೊಸ್ತಿಲು ದಾಟಿ ನೋಡಿ. ನಮ್ಮ ಸುತ್ತಲಿನ ಕೆಲವು ಸಂಗತಿಗಳಲ್ಲಿ ನಿಯಮ ಆಗಲೇ ಅಡಗಿದೆ.

ಚಿತ್ರದುರ್ಗದ ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಆದರೆ ಓಬವ್ವನ ಚಿತ್ರ ಮುದ್ರಿಸಿದ ಮಾತ್ರಕ್ಕೆ ಅದು ಓಬವ್ವನ ಆಟ ಆಗುವುದಿಲ್ಲ. ಆ ಕಥೆಯ ಜೀವ ಇರುವುದು ಕಿಂಡಿಯಲ್ಲಿ. ಎಷ್ಟೇ ದೊಡ್ಡ ಸೈನ್ಯ ಇದ್ದರೂ ಒಳಗೆ ಬರುವುದು ಒಬ್ಬೊಬ್ಬರೇ. ಹೊರಗೆ ಎಷ್ಟು ಜನ ಇದ್ದಾರೆ ಅಂತ ಒಳಗಿನವಳಿಗೆ ಕಾಣುವುದಿಲ್ಲ. ಇದು ಸಿದ್ಧ ನಿಯಮ. ಕಾರ್ಡ್ ಕಟ್ಟು ಬೋರಲಾಗಿದೆ, ಒಂದೊಂದೇ ತೆಗೆಯಬೇಕು, ಯಾವಾಗ ಸಹಾಯಕ್ಕೆ ಕೂಗಬೇಕು ಅಂತ ನೀವು ತೀರ್ಮಾನಿಸಬೇಕು. ನಮ್ಮ ಚಿತ್ರದುರ್ಗದ ಟೀಚರ್ ಇದರ ಮೇಲೆ 18 ಕಾರ್ಡಿನ ಆಟ ಕಟ್ಟುತ್ತಿದ್ದಾರೆ. ಮಕ್ಕಳು ಉಸಿರು ಬಿಗಿಹಿಡಿದು ಆಡುತ್ತಾರೆ.

ಹಿರಿಯೂರಿನ ವಾಣಿ ವಿಲಾಸ ಸಾಗರ ಇನ್ನೊಂದು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿತ್ತು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಮಳೆ ಬರುತ್ತದೆ ಅಂತ ನಂಬಿ ಅಡಿಕೆ, ತೆಂಗು ಇಡುವುದಾ, ಇಲ್ಲ ಅಂತ ರಾಗಿ ಬಿತ್ತುವುದಾ? ಆ ಕಡೆಯ ರೈತರು ಎಷ್ಟೋ ತಲೆಮಾರು ಆಡಿದ ಜೂಜು ಇದು. ಇದನ್ನು ಯಾರಾದರೂ ಆಟವಾಗಿ ಕಟ್ಟಲಿ ಅಂತ ಕಾಯುತ್ತಿದ್ದೇನೆ.

ಕಂಪ್ಯೂಟರಿನಲ್ಲಿ ಯಾವ ಸಾಫ್ಟ್‌ವೇರ್ ಬೇಕು?

ಆಟ ಓಡುತ್ತದೆ ಅಂತ ಗೊತ್ತಾದ ಮೇಲೆ ಇವು ಸಾಕು. ಕಾರ್ಡ್ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್, ಫೋಟೋ ತಿದ್ದಲು ಗಿಂಪ್. ಮೂರೂ ಪುಕ್ಕಟೆ. ಗೇಮ್ ಐಕಾನ್ಸ್ ಡಾಟ್ ನೆಟ್ ತಾಣದಲ್ಲಿ ಕತ್ತಿ, ಧಾನ್ಯ, ಮನೆ, ನಾಣ್ಯ ಹೀಗೆ ಸಾವಿರಾರು ಚಿಹ್ನೆಗಳಿವೆ. ಮಾರುವ ಆಟದಲ್ಲೂ ಬಳಸಬಹುದು, ಬರೆದವರ ಹೆಸರು ಹಾಕಬೇಕು. ಹಾಕಿ. ಅವರ ಶ್ರಮ ಅದು.

ಕಾರ್ಡ್ ಜಾಸ್ತಿ ಇದ್ದರೆ ಒಂದು ಉಪಾಯ. ಪ್ರತಿ ಕಾರ್ಡಿನ ಹೆಸರು, ಬೆಲೆ, ಮಾತು ಎಲ್ಲವನ್ನೂ ಶೀಟಿನಲ್ಲಿ ಒಂದೊಂದು ಸಾಲಿಗೆ ಬರೆದಿಡಿ. ನ್ಯಾನ್‌ಡೆಕ್ ಅನ್ನುವ ವಿಂಡೋಸ್ ಸಾಫ್ಟ್‌ವೇರ್ ಆ ಶೀಟ್ ಓದಿ ಎಲ್ಲ ಕಾರ್ಡನ್ನೂ ತಾನೇ ಮಾಡಿಕೊಡುತ್ತದೆ. ನಾಳೆ ಹತ್ತು ಅಂಕಿ ಬದಲಾದರೆ ಶೀಟಿನಲ್ಲಿ ಬದಲಿಸಿ ಮತ್ತೆ ಓಡಿಸಿದರೆ ಆಯ್ತು. ಇದೂ ಪುಕ್ಕಟೆ. ಕಲಿಯಲು ಒಂದು ವಾರ ಹಿಡಿಯುತ್ತದೆ, ಕನ್ನಡ ಅಕ್ಷರ ಸರಿಯಾಗಿ ಬರುತ್ತದಾ ಅಂತ ಮೊದಲು ಎರಡು ಕಾರ್ಡಿನಲ್ಲಿ ನೋಡಿಕೊಳ್ಳಿ.

ಗೆಳೆಯರು ಬೆಂಗಳೂರಿಗೋ ಪುಣೆಗೋ ಹೋಗಿದ್ದರೆ ಅವರ ಜೊತೆ ಆಡಿಸಿ ನೋಡಲು ಟೇಬಲ್‌ಟಾಪ್ ಸಿಮ್ಯುಲೇಟರ್ ಇದೆ, ದುಡ್ಡು ಕೊಟ್ಟು ಕೊಳ್ಳಬೇಕು. ಟೇಬಲ್‌ಟೋಪಿಯಾ, ಪ್ಲೇಯಿಂಗ್‌ಕಾರ್ಡ್ಸ್ ಡಾಟ್ ಐಓ ಬ್ರೌಸರ್‌ನಲ್ಲೇ ಓಡುತ್ತವೆ.

ಕನ್ನಡ ಅಕ್ಷರ ಪ್ರಿಂಟಿನಲ್ಲಿ ಒಡೆದು ಬರುತ್ತದೆ. ಏನು ಮಾಡಲಿ?

ಈ ನೋವು ನನಗೆ ಚೆನ್ನಾಗಿ ಗೊತ್ತು. ನನ್ನ ಮೊದಲ ಆಟದ 100 ಪ್ರತಿ ಅಚ್ಚಾಗಿ ಬಂದಾಗ 'ಅಕ್ಕಿ' ಅನ್ನುವುದು 'ಅಕ್‌ಕಿ' ಆಗಿತ್ತು, 'ಮೆಕ್ಕೆಜೋಳ' ಓದಲೇ ಆಗುತ್ತಿರಲಿಲ್ಲ. ಒತ್ತಕ್ಷರ ಎಲ್ಲ ಪಕ್ಕಕ್ಕೆ ಬಂದು ಕೂತಿದ್ದವು. ಕಳಿಸಿದ ಫೈಲ್ ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿತ್ತು. ಪ್ರೆಸ್ಸಿನಲ್ಲಿ ಅದನ್ನು ಬೇರೆ ಸಾಫ್ಟ್‌ವೇರಿನಲ್ಲಿ ತೆರೆದಿದ್ದರು, ಮುದ್ರಿಸುವ ಮುಂಚೆ ಒಂದು ಪ್ರತಿ ತೋರಿಸಲೂ ಇಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಹೀಗೆ. ನಾವು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಬರೆಯುವುದು ಯೂನಿಕೋಡ್ ಕನ್ನಡ. ಅದರಲ್ಲಿ ಒತ್ತಕ್ಷರವನ್ನು ಜಾಗಕ್ಕೆ ಕೂರಿಸುವ ಕೆಲಸ ಸಾಫ್ಟ್‌ವೇರಿನದು. ಡಿಟಿಪಿ ಅಂಗಡಿಗಳಲ್ಲಿ ಇರುವ ಹಳೆಯ ಸಾಫ್ಟ್‌ವೇರ್‌ಗಳಿಗೆ ಅದು ಬರುವುದಿಲ್ಲ. ಅವರು 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಅಕ್ಷರದಲ್ಲಿ ಕೆಲಸ ಮಾಡಿ ರೂಢಿ. ಅಡೋಬಿಯ ಸಾಫ್ಟ್‌ವೇರ್ ಆದರೆ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆನ್ ಮಾಡಬೇಕು, ಇಲ್ಲದಿದ್ದರೆ ಅಲ್ಲೂ ಒಡೆಯುತ್ತದೆ.

ಪರಿಹಾರ ಸುಲಭ. ಇಂಕ್‌ಸ್ಕೇಪಿನಲ್ಲಿ ಎಲ್ಲ ಬರಹವನ್ನೂ ಪಾತ್ ಮಾಡಿ. ಪ್ರೆಸ್ಸಿನವರ ಭಾಷೆಯಲ್ಲಿ ಹೇಳುವುದಾದರೆ 'ಕರ್ವ್ಸ್' ಮಾಡಿ. ಆಗ ಅಕ್ಷರ ಚಿತ್ರವಾಗಿಬಿಡುತ್ತದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಡೆಯುವುದಿಲ್ಲ. ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಿ, ಕರ್ವ್ಸ್ ಆದ ಮೇಲೆ ತಿದ್ದಲು ಆಗುವುದಿಲ್ಲ. ಪಿಡಿಎಫ್ ಮಾತ್ರ ಕೊಡಿ. ಒಂದು ಶೀಟ್ ಪ್ರಿಂಟ್ ತೆಗೆಸಿ, ಕೈಯಲ್ಲಿ ಹಿಡಿದು, ಒಂದೊಂದು ಪದವನ್ನೂ ಜೋರಾಗಿ ಓದಿ, ಆಮೇಲೆ ಉಳಿದದ್ದಕ್ಕೆ ಹೂಂ ಅನ್ನಿ.

ಅಕ್ಷರ ಶೈಲಿಗೆ ಗೂಗಲ್ ಫಾಂಟ್ಸ್ ನೋಡಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ ಮೂರೂ ಕಾರ್ಡಿನ ಸಣ್ಣ ಬರಹಕ್ಕೆ ಚೆನ್ನಾಗಿವೆ. ಶೀರ್ಷಿಕೆಗೆ ಬಲೂ ತಮ್ಮ. 'ಬೆಣ್ಣೆ' ಅನ್ನುವ ಹೆಸರಿನದೂ ಒಂದಿದೆ, ದಾವಣಗೆರೆಯವರಾಗಿ ಒಮ್ಮೆ ಹಾಕಿ ನೋಡದೆ ಇರಲು ಆಗುತ್ತದಾ! ಇವೆಲ್ಲ ಮಾರುವ ಆಟಕ್ಕೂ ಬಳಸಬಹುದಾದ ಲೈಸೆನ್ಸಿನವು. ಕನ್ನಡಕ್ಕೆ ಕೆಳಗೆ ಒತ್ತಕ್ಷರದ ಜಾಗ ಬೇಕು. ಹಾಗಾಗಿ ಸಾಲುಗಳ ನಡುವೆ ಜಾಸ್ತಿ ಅಂತರ ಬಿಡಿ, ಅಳತೆ 9 ಪಾಯಿಂಟಿಗಿಂತ ಕೆಳಗೆ ಇಳಿಸಬೇಡಿ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಅಜ್ಜಿ ಓದಬೇಕು ಅಂತ ನೆನಪಿರಲಿ.

ಪ್ರಿಂಟ್ ಇಲ್ಲೇ ಆಗುತ್ತದಾ, ಬೆಂಗಳೂರಿಗೇ ಹೋಗಬೇಕಾ?

ಇಲ್ಲೇ ಆಗುತ್ತದೆ. ಲಗ್ನಪತ್ರಿಕೆ ಮಾಡುವ ಊರಿನಲ್ಲಿ ಕಾರ್ಡ್ ಮಾಡಲು ಬೇಕಾದ ಎಲ್ಲವೂ ಇರುತ್ತದೆ. ಆಷಾಢದಲ್ಲಿ ಹೋಗಿ. ಮದುವೆ ಇರುವುದಿಲ್ಲ, ಪ್ರೆಸ್ಸಿನವರು ನಿಧಾನವಾಗಿ ಕೂತು ಮಾತಾಡುತ್ತಾರೆ, ಸಣ್ಣ ಕೆಲಸವನ್ನೂ ಪ್ರೀತಿಯಿಂದ ಮಾಡಿಕೊಡುತ್ತಾರೆ.

ಹೇಳಬೇಕಾದದ್ದು ಇಷ್ಟು: 300 ಜಿಎಸ್‌ಎಂ (ಕಾಗದ ಎಷ್ಟು ಗಟ್ಟಿ ಅನ್ನುವ ಅಳತೆ) ಆರ್ಟ್ ಕಾರ್ಡ್, ಎರಡೂ ಬದಿ ಪ್ರಿಂಟ್, ಎರಡೂ ಬದಿ ಮ್ಯಾಟ್ ಲ್ಯಾಮಿನೇಶನ್. ಕಾರ್ಡಿನ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಸುತ್ತ 3 ಮಿ.ಮೀ. ಬಣ್ಣ ಹೊರಗೆ ಬಿಟ್ಟಿರಬೇಕು, ಕತ್ತರಿ ಸ್ವಲ್ಪ ಆಚೀಚೆ ಆದರೂ ಬಿಳಿ ಅಂಚು ಕಾಣುವುದಿಲ್ಲ. ಡಿಜಿಟಲ್ ಪ್ರೆಸ್ಸಿನ 12 ಇಂಚು, 18 ಇಂಚಿನ ಶೀಟಿನಲ್ಲಿ ಈ ಅಳತೆಯ 18 ಕಾರ್ಡ್ ಕೂರುತ್ತವೆ. ಅಂದರೆ 54 ಕಾರ್ಡಿನ ಆಟಕ್ಕೆ ಸರಿಯಾಗಿ ಮೂರು ಶೀಟ್. ನಿಮ್ಮ ಆಟದಲ್ಲಿ 56 ಕಾರ್ಡ್ ಇದ್ದರೆ ಎರಡು ಕಾರ್ಡಿಗೆ ಇನ್ನೊಂದು ಶೀಟಿನ ದುಡ್ಡು ಹೋಗುತ್ತದೆ. ಆ ಎರಡು ಕಾರ್ಡ್ ನಿಜವಾಗಿಯೂ ಬೇಕಾ ಅಂತ ಆಗ ಯೋಚನೆ ಬರುತ್ತದೆ. ಎಷ್ಟೋ ಸಲ ಬೇಕಾಗಿರುವುದಿಲ್ಲ.

ಲ್ಯಾಮಿನೇಶನ್ ಬಿಡಬೇಡಿ. ನಮ್ಮ ಕಡೆ ನಾಲ್ಕು ಜನ ಕೂತರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದೇ ಬರುತ್ತದೆ. ಎಣ್ಣೆ ಕೈಗೆ ಬರಿ ಕಾಗದ ಎರಡು ವಾರ ತಡೆಯುವುದಿಲ್ಲ.

ಬೋರ್ಡಿಗೆ 2 ಮಿ.ಮೀ. ರಟ್ಟಿನ ಮೇಲೆ ಪ್ರಿಂಟ್ ಅಂಟಿಸಬೇಕು. ಇದಕ್ಕೆ ಪ್ರೆಸ್ಸಿಗಿಂತ ಪುಸ್ತಕ ಬೈಂಡಿಂಗ್ ಮಾಡುವವರು ಒಳ್ಳೆಯವರು. ಮಡಚುವ ಕಡೆ ಬಟ್ಟೆ ಹೇಗೆ ಅಂಟಿಸಬೇಕು ಅಂತ ಅವರ ಕೈಗೆ ಗೊತ್ತಿರುತ್ತದೆ. ಮರದ ಕಾಯಿ ಬೇಕಾದರೆ ಚನ್ನಪಟ್ಟಣ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕಿದ ಕಾಯಿ ಕೈಯಲ್ಲಿ ಹಿಡಿದರೆ ಆಟದ ತೂಕವೇ ಬೇರೆ.

ಯಾರ ಜೊತೆ ಆಡಿಸಿ ನೋಡಲಿ? ಹೇಗೆ?

ಮೇಲೆ ಹೇಳಿದ ಯಾವ ಸಾಧನಕ್ಕಿಂತಲೂ ಇದು ದೊಡ್ಡದು. ಸಾಫ್ಟ್‌ವೇರ್ ಇಲ್ಲದೆ ಆಟ ಮಾಡಬಹುದು. ಆಡಿ ನೋಡಿ ತಪ್ಪು ಹೇಳುವ ಜನ ಇಲ್ಲದೆ ಮಾಡಲು ಆಗುವುದಿಲ್ಲ.

ಮೊದಲು ಒಬ್ಬರೇ ನಾಲ್ಕೂ ಜನರ ಪರವಾಗಿ ಆಡಿ. ದೊಡ್ಡ ದೊಡ್ಡ ತೂತುಗಳು ಅಲ್ಲೇ ಕಾಣುತ್ತವೆ. ಆಮೇಲೆ ಮನೆಯವರು. ಅವರು ನಿಮ್ಮ ಮೇಲಿನ ಪ್ರೀತಿಗೆ ಚೆನ್ನಾಗಿದೆ ಅನ್ನುತ್ತಾರೆ, ಅದನ್ನು ಲೆಕ್ಕಕ್ಕೆ ಇಡಬೇಡಿ. ಆಮೇಲೆ ಪರಿಚಯ ಇಲ್ಲದವರು. ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್ ಹುಡುಗರು ಸಂಜೆ ಹೊತ್ತು ಖುಷಿಯಿಂದ ಆಡುತ್ತಾರೆ, ನಿಯಮದಲ್ಲಿ ಸಂದು ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ವಿಶುವಲ್ ಆರ್ಟ್ ಕಾಲೇಜಿನ ವಿದ್ಯಾರ್ಥಿಗಳನ್ನೂ ಕರೆಯಿರಿ. ಅವರು ಬೋರ್ಡ್ ನೋಡಿದ ತಕ್ಷಣ ಕಣ್ಣು ಎಲ್ಲಿಗೆ ಹೋಗುತ್ತಿಲ್ಲ ಅಂತ ಹೇಳಿಬಿಡುತ್ತಾರೆ. ಚಿತ್ರ ಬರೆಸುವುದಾದರೆ ತಪ್ಪದೆ ದುಡ್ಡು ಕೊಡಿ, ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ. ಬಯಲಿನಲ್ಲಿ ಆಡಿಸುವುದಾದರೆ ಕಾರ್ಡ್ ಮೇಲೆ ಇಡಲು ಕಲ್ಲು ಒಯ್ಯಿರಿ. ಚಿತ್ರದುರ್ಗದ ಕಡೆಯಾದರೆ ಕೇಳುವುದೇ ಬೇಡ, ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರು ಅದು.

ಅವರು ಆಡುವಾಗ ನೀವು ಮಾತಾಡಬಾರದು. ಇದು ಬಹಳ ಕಷ್ಟ. ತಪ್ಪು ಆಡುತ್ತಿದ್ದರೂ ಸುಮ್ನೆ ಕೂತು ಬರೆದುಕೊಳ್ಳಿ. ಎಲ್ಲಿ ಅನುಮಾನ ಕೇಳಿದರು, ಎಲ್ಲಿ ಮೊಬೈಲ್ ತೆಗೆದರು, ಎಲ್ಲಿ ನಕ್ಕರು, ಎಷ್ಟು ನಿಮಿಷ ಆಯ್ತು. ಮುಗಿದ ಮೇಲೆ 'ಹೇಗಿತ್ತು' ಅಂತ ಕೇಳಬೇಡಿ, ಚೆನ್ನಾಗಿತ್ತು ಅಂತಲೇ ಉತ್ತರ ಬರುತ್ತದೆ. 'ಎಲ್ಲಿ ಬೇಜಾರಾಯ್ತು? ಯಾವಾಗ ನಾನು ಸೋತೆ ಅಂತ ಅನ್ನಿಸಿತು?' ಅಂತ ಕೇಳಿ. ಕೊನೆಯ ಪರೀಕ್ಷೆ ಅಂದರೆ ಪೆಟ್ಟಿಗೆ ಮತ್ತು ನಿಯಮ ಪುಸ್ತಕ ಕೊಟ್ಟು ನೀವು ಬಾಯಿ ಬಿಡದೆ ಇರುವುದು. ಅವರೇ ಓದಿ, ಅವರೇ ಹರಡಿ, ಅವರೇ ಮುಗಿಸಿದರೆ ಆಟ ಸಿದ್ಧವಾಗಿದೆ.

ಒಂದು ಅನುಭವ ಹೇಳಬೇಕು. ನನ್ನ ಆಟ ಮಂಡಿಯ ವ್ಯಾಪಾರದ್ದು. ಮೆಕ್ಕೆಜೋಳ ಕೊಳ್ಳಬೇಕು, ಗೋಡೌನಿನಲ್ಲಿ ಇಡಬೇಕು, ಧಾರಣೆ ಏರಿದಾಗ ಮಾರಬೇಕು. ಆರು ತಿಂಗಳು ಕಾಲೇಜು ಹುಡುಗರ ಜೊತೆ ಆಡಿಸಿದ್ದೆ. ಏನೋ ಸರಿ ಇಲ್ಲ ಅನ್ನಿಸುತ್ತಿತ್ತು, ಏನು ಅಂತ ತಿಳಿಯುತ್ತಿರಲಿಲ್ಲ. ಒಂದು ದಿನ ಎದುರುಮನೆಯ ಅಜ್ಜಿ ಆಡಲು ಕೂತರು. ಅವರು ಏನನ್ನೂ ಮಾರಲಿಲ್ಲ. ಕೊನೆಯ ಸುತ್ತಿನವರೆಗೆ ತುಂಬಿಟ್ಟು, ಒಂದೇ ಸಲ ಮಾರಿ ಗೆದ್ದರು. ಮತ್ತೆ ಆಡಿದರು, ಮತ್ತೆ ಹಾಗೇ ಗೆದ್ದರು. ಆಮೇಲೆ ನನ್ನ ಮುಖ ನೋಡಿ, "ಜೋಳ ಇಷ್ಟು ದಿನ ಇಟ್ಟರೆ ಹುಳ ಬೀಳಲ್ವೇನವ್ವಾ?" ಅಂದರು.

ಅವತ್ತೇ ಹುಳದ ಕಾರ್ಡ್ ಸೇರಿಸಿದೆ. ಪ್ರತಿ ಸುತ್ತಿಗೂ ಗೋಡೌನಿನಿಂದ ಒಂದಷ್ಟು ಕಾಳು ಹೋಗುತ್ತದೆ. ಆಟ ತನ್ನ ಕಾಲ ಮೇಲೆ ನಿಂತಿದ್ದು ಆಗ.

ನಿಯಮ ಪುಸ್ತಕವನ್ನು ಕನ್ನಡದಲ್ಲಿ ಬರೆಯುವುದು ಹೇಗೆ? ಪದಗಳೇ ಇಲ್ಲವಲ್ಲ?

ಪದಗಳು ಬೇಕಾದಷ್ಟಿವೆ. ಕಾಯಿ, ಮನೆ, ನಡೆ, ಗರ, ಸರದಿ, ಕಟ್ಟೆ, ಹೊಡೆ, ಹಣ್ಣಾಗು. ಇಸ್ಪೀಟಿನಿಂದ ಎಲೆ, ಕಲಸು, ಹಂಚು, ತುರುಫು. ಇವು ಆಡುವವರ ಬಾಯಲ್ಲಿ ಆಗಲೇ ಇವೆ. 'ಕಾಯಿ ಹಣ್ಣಾಯ್ತು' ಅಂದರೆ ಗುರಿ ಮುಟ್ಟಿತು ಅಂತ ಹೊಸದಾಗಿ ವಿವರಿಸಬೇಕಾಗಿಲ್ಲ. ಟೋಕನ್, ಕಾರ್ಡ್, ಬೋರ್ಡ್, ಪಾಯಿಂಟ್ ಅನ್ನುವುದೂ ಈಗ ಕನ್ನಡವೇ, ಹಾಗೇ ಬಳಸಿ. ಕಷ್ಟಪಟ್ಟು ಸಂಸ್ಕೃತದಿಂದ ಪದ ಕಟ್ಟಿದರೆ ಓದುವವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಒಂದು ವಸ್ತುವಿಗೆ ಒಂದೇ ಹೆಸರು ಇಡಿ. ಒಂದು ಕಡೆ ಎಲೆ, ಇನ್ನೊಂದು ಕಡೆ ಕಾರ್ಡ್ ಅಂದರೆ ಅವೆರಡೂ ಬೇರೆ ಅಂತ ಆಟಗಾರರು ತಿಳಿಯುತ್ತಾರೆ. ಕಥೆ ಬರೆಯುವಾಗ ಬೇರೆ ಬೇರೆ ಪದ ಹಾಕಿದರೆ ಚೆಂದ, ನಿಯಮದಲ್ಲಿ ಅದು ತೊಂದರೆ. 'ಬಹುದು' ಮತ್ತು 'ಬೇಕು' ಎರಡನ್ನೂ ಎಚ್ಚರದಿಂದ ಬಳಸಿ. 'ಒಂದು ಎಲೆ ತೆಗೆದುಕೊಳ್ಳಬಹುದು' ಅಂದರೆ ಬಿಡಲೂಬಹುದು. 'ತೆಗೆದುಕೊಳ್ಳಬೇಕು' ಅಂದರೆ ಬಿಡುವ ಹಾಗಿಲ್ಲ. ನಮ್ಮಲ್ಲಿ ಆದ ಜಗಳಗಳಲ್ಲಿ ಅರ್ಧ ಈ ಒಂದು ಪದದಿಂದ.

ಮೊದಲ ಸಾಲಿನಲ್ಲೇ ಯಾರು ಗೆಲ್ಲುತ್ತಾರೆ ಅಂತ ಹೇಳಿ. ಆಮೇಲೆ ಹರಡುವುದು, ಆಮೇಲೆ ಒಂದು ಸರದಿಯಲ್ಲಿ ಏನು ಮಾಡಬೇಕು, ಆಮೇಲೆ ಆಟ ಯಾವಾಗ ಮುಗಿಯುತ್ತದೆ. ಒಂದು ಸರದಿಯನ್ನು ಉದಾಹರಣೆಯಾಗಿ ಪೂರ್ತಿ ಬರೆಯಿರಿ. ಬರೆದದ್ದನ್ನು ಏಳನೇ ಕ್ಲಾಸಿನ ಮಗುವಿನ ಕೈಯಲ್ಲಿ ಓದಿಸಿ. ಎಲ್ಲಿ ತಡವರಿಸುತ್ತದೋ ಆ ವಾಕ್ಯ ಒಡೆಯಿರಿ.

ಯಾರಾದರೂ ನನ್ನ ಐಡಿಯಾ ಕದ್ದರೆ?

ಈ ಭಯಕ್ಕೆ ಆಟವನ್ನು ಯಾರಿಗೂ ತೋರಿಸದೆ ಇರುವವರಿದ್ದಾರೆ. ಹಾಗೆ ಮಾಡಿದರೆ ಆಟ ಎಂದಿಗೂ ಮುಗಿಯುವುದಿಲ್ಲ.

ಕಾನೂನಿನ ಮಾತು ಹೀಗಿದೆ. ಭಾರತದ ಪೇಟೆಂಟ್ ಕಾಯ್ದೆ 1970ರ ಸೆಕ್ಷನ್ 3(ಎಂ) ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ಆದರೆ ನೀವು ಬರೆದ ನಿಯಮದ ಬರಹ, ಚಿತ್ರ, ಬೋರ್ಡಿನ ವಿನ್ಯಾಸಕ್ಕೆ ಕಾಪಿರೈಟ್ ಇದೆ. ಮಾಡಿದವರ ಜೀವಮಾನ ಮತ್ತು ಆಮೇಲೆ 60 ವರ್ಷ. ನೋಂದಣಿ ಮಾಡಿಸದಿದ್ದರೂ ಹಕ್ಕು ಇರುತ್ತದೆ. ಆಟದ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಬಹುದು, ಆಟಗಳು ಬರುವುದು 28ನೇ ಕ್ಲಾಸಿನಲ್ಲಿ. ಹೆಸರು ಗಟ್ಟಿಯಾದ ಮೇಲೆ, ಮಾರಾಟ ಶುರುವಾಗುವ ಮುಂಚೆ ಮಾಡಿಸಿದರೆ ಸಾಕು.

ಅಮೆರಿಕದ ಲಿಜ್ಜೀ ಮೇಗಿ ಎಂಬ ಹೆಣ್ಣುಮಗಳು 1904ರಲ್ಲಿ 'ಲ್ಯಾಂಡ್‌ಲಾರ್ಡ್ಸ್ ಗೇಮ್'ಗೆ ಅಲ್ಲಿನ ಪೇಟೆಂಟ್ ಪಡೆದರು. ಅದೇ ಮುಂದೆ ಮೊನೊಪೊಲಿಗೆ ದಾರಿಯಾಯಿತು. 1935ರಲ್ಲಿ ಅವರ ಹಕ್ಕನ್ನು ಮೊನೊಪೊಲಿ ಹೊರತಂದ ಪಾರ್ಕರ್ ಬ್ರದರ್ಸ್ ಕಂಪನಿ ಕೊಂಡದ್ದು 500 ಡಾಲರಿಗೆ. ಎಷ್ಟೋ ವರ್ಷ ಅವರ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಕಂಪನಿಯ ಜೊತೆ ಒಪ್ಪಂದ ಮಾಡುವ ದಿನ ಬಂದರೆ, ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇರುತ್ತದಾ ಅಂತ ಮೊದಲು ಕೇಳಿ.

ಮಾರುವುದು ಹೇಗೆ? ದುಡ್ಡು ಸಿಗುತ್ತದಾ?

ಮೊದಲ ವರ್ಷ ಮನೆ ನಡೆಸುವಷ್ಟು ಸಿಗುತ್ತದೆ ಅಂತ ಎಣಿಸಬೇಡಿ. ಅಂಗಡಿಯವರಿಗೆ, ಸಾಗಿಸುವವರಿಗೆ ಪಾಲು ಹೋಗುವುದರಿಂದ ತಯಾರಿಕೆಯ ವೆಚ್ಚದ ನಾಲ್ಕೈದು ಪಟ್ಟು ಬೆಲೆ ಇಡುವುದು ಈ ವ್ಯಾಪಾರದ ರೂಢಿ. 50 ಪ್ರತಿ ಮಾಡಿ, ಶಾಲೆಗಳಿಗೆ, ಪರಿಚಯದವರಿಗೆ ಕೊಟ್ಟು ನೋಡಿ. ನನ್ನ ಮೊದಲ 100 ಪ್ರತಿಗಳ ಗತಿ ಮೇಲೆ ಓದಿದ್ದೀರಲ್ಲ.

14 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಅಂತ ಮಾಡಿದ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಪೆಟ್ಟಿಗೆಯ ಮೇಲೆ ವಯಸ್ಸು ಬರೆಯುವ ಮುಂಚೆ ಇದನ್ನು ವಿಚಾರಿಸಿಕೊಳ್ಳಿ. ಪ್ರಿಂಟ್ ಆದ ಮೇಲೆ ವಿಚಾರಿಸಿದರೆ ತಡವಾಗುತ್ತದೆ.

ಭಾನುವಾರ ಬರುವುದಾದರೆ ಏನು ತರಬೇಕು?

ನಿಮ್ಮ ಆಟ ಯಾವ ಸ್ಥಿತಿಯಲ್ಲಿದೆಯೋ ಹಾಗೇ ತನ್ನಿ. ಅರ್ಧ ಆಗಿದ್ದರೂ ಸರಿ. ಒಂದು ಪೆನ್ಸಿಲ್, ರಬ್ಬರ್, ಬರೆದುಕೊಳ್ಳಲು ಪುಸ್ತಕ. ನಿಮ್ಮ ಆಟ ಆಡಿಸುವ ಮುಂಚೆ ಬೇರೆಯವರ ಒಂದು ಆಟ ಆಡಬೇಕು, ಅದೊಂದು ಕಟ್ಟಳೆ. ಮಂಡಕ್ಕಿ ಮೂರು ಗಂಟೆಗೆ ಬರುತ್ತದೆ. ತಿಂದ ಮೇಲೆ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆದು ಬಂದು ಕಾರ್ಡ್ ಮುಟ್ಟಿ.